ಹೊಸ ಫೆರೆಟ್, ಹಳೆ ಫೆರೆಟ್: ಯಾವ ದಾರಿಯಲ್ಲಿ ಪರಿಚಯ ಮಾಡಿಸಬೇಕು?

ದತ್ತು ತಂದ ಫೆರೆಟ್ (ಮುಂಗುಸಿಯ ಹಾಗೆ ಕಾಣುವ, ಉದ್ದ ಮೈಯ ಚಿಕ್ಕ ಸಾಕುಪ್ರಾಣಿ) ಇನ್ನೂ ಬುಟ್ಟಿಯಲ್ಲೇ ಇದೆ. ಮನೆಯಲ್ಲಿ ಮೊದಲಿನಿಂದ ಇರುವುದು ಬಾಗಿಲ ಸಂದಿಗೆ ಮೂಗು ತೂರಿಸಿ ಮೂಸುತ್ತಿದೆ. ಆ ಹೊತ್ತಿನಲ್ಲಿ ಎಲ್ಲರಿಗೂ ಒಂದೇ ಆಸೆ, ಎರಡನ್ನೂ ನೆಲಕ್ಕೆ ಬಿಟ್ಟು ಏನು ಮಾಡುತ್ತವೆ ನೋಡೋಣ ಅಂತ. ದಯವಿಟ್ಟು ಬಿಡಬೇಡಿ. ಇವತ್ತಂತೂ ಬೇಡವೇ ಬೇಡ.

ಪರಿಚಯ ಮಾಡಿಸಲು ಜನ ಬಳಸುವ ದಾರಿ ಮುಖ್ಯವಾಗಿ ಮೂರು. ಮೊದಲು ವಾಸನೆ, ಆಮೇಲೆ ಜಾಲರಿಯ ಆಚೆ ಈಚೆ, ಕೊನೆಗೆ ಮುಖಾಮುಖಿ, ಇದು ನಿಧಾನದ ದಾರಿ. ಇಬ್ಬರದ್ದೂ ಅಲ್ಲದ ಹೊಸ ಜಾಗದಲ್ಲಿ ನೇರವಾಗಿ ಭೇಟಿ ಮಾಡಿಸುವುದು ಎರಡನೆಯದು. ಒಂದೇ ಪಂಜರಕ್ಕೆ ಹಾಕಿ 'ಅವೇ ಸರಿ ಮಾಡಿಕೊಳ್ಳುತ್ತವೆ' ಅನ್ನುವುದು ಮೂರನೆಯದು. ಜೊತೆಗೆ ಸ್ನಾನ, ಎಣ್ಣೆ, ಕಹಿ ಸ್ಪ್ರೇ ತರಹದ ಉಪಾಯಗಳು ಬೇರೆ. ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಫೆರೆಟ್ ಎಂಥದ್ದು?

ಯಾಕೆಂದರೆ ಹೆಚ್ಚಿನವರು ಹೊಸದನ್ನು ನೋಡಿ ದಾರಿ ಆರಿಸುತ್ತಾರೆ. 'ಇದು ಪಾಪದ್ದು, ಯಾರ ಜೊತೆಗಾದರೂ ಹೊಂದಿಕೊಳ್ಳುತ್ತದೆ' ಅಂತ. ನಾನೂ ಮೊದಲ ಸಲ ಹಾಗೇ ಮಾಡಿದೆ. ನಮ್ಮ ಪುಟ್ಟಿಗೆ ಆಗ ನಾಲ್ಕು ವರ್ಷ, ಅಷ್ಟೂ ವರ್ಷ ಒಂಟಿಯಾಗಿ ಬೆಳೆದವಳು. ತಂದ ಗಂಡು ಗುಂಡ ಬಹಳ ಸಾಧು, ಎತ್ತಿಕೊಂಡರೆ ತೋಳಲ್ಲೇ ನಿದ್ದೆ ಹೋಗುವಂಥವನು. ಅವನ ಸಾಧುತನವನ್ನೇ ನಂಬಿ ಇಬ್ಬರನ್ನೂ ಪುಟ್ಟಿ ದಿನಾ ಆಡುವ ಕೋಣೆಯಲ್ಲಿ ಬಿಟ್ಟೆ. ಅವನು ಏನೂ ಮಾಡಲಿಲ್ಲ. ಅವಳು ಹೋಗಿ ಹೆಡತಲೆ ಕಚ್ಚಿ ಹಿಡಿದು ಜಾಡಿಸಿದಳು. ಅವನು ಕಿರುಚುತ್ತಾ ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ರಕ್ತ ಬರಲಿಲ್ಲ ನಿಜ. ಆದರೆ ಆ ಒಂದು ನಿಮಿಷದ ಹೆದರಿಕೆಯನ್ನು ಅವನಿಂದ ಬಿಡಿಸಲು ಎರಡು ತಿಂಗಳು ಹಿಡಿಯಿತು. ಹೊಸದಾಗಿ ಬಂದದ್ದಕ್ಕೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಇರುವುದಕ್ಕೆ ಜಾಗ, ಜೋಲಿ, ಬಟ್ಟಲು, ನೀವು, ಎಲ್ಲವೂ ಇದೆ. ಜಗಳ ತೆಗೆಯುವುದೂ ಬಿಡುವುದೂ ಹೆಚ್ಚಾಗಿ ಅದರ ಕೈಯಲ್ಲೇ ಇರುತ್ತದೆ. ಹಾಗಾಗಿ ಅದನ್ನು ನೋಡಿಯೇ ದಾರಿ ಆರಿಸಬೇಕು.

ಯಾವ ದಾರಿ ಆದರೂ ಮೊದಲು ಕ್ವಾರಂಟೈನ್

ಇದರಲ್ಲಿ ಆಯ್ಕೆ ಇಲ್ಲ. ಕನಿಷ್ಠ ಎರಡು ವಾರ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಲಿಟರ್ ಟ್ರೇ (ಮಲ ಮೂತ್ರದ ತಟ್ಟೆ). ದಿನಾ ಮೊದಲು ಹಳೆಯದರ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಿ. ಬಂದ ಮೇಲೆ ಕೈ ತೊಳೆದು ಬಟ್ಟೆ ಬದಲಾಯಿಸಿ. ಕಿರಿಕಿರಿ ಅನ್ನಿಸುತ್ತದೆ, ಆದರೆ ನಾಯಿಗಳಿಗೆ ಬರುವ ಡಿಸ್ಟೆಂಪರ್ ಫೆರೆಟ್‌ಗಳಿಗೂ ಬರುತ್ತದೆ, ಬಂದರೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಲಸಿಕೆ ಹಾಕಿಸಿದ ಕಾಗದ ಇದೆಯಾ ಅಂತ ದತ್ತು ತಗೊಳ್ಳುವಾಗಲೇ ಕೇಳಿ. ಕಿವಿಯ ನುಸಿ, ಚಿಗಟ, ಹೊಟ್ಟೆಯ ಪರಾವಲಂಬಿಗಳು ಎರಡು ವಾರದಲ್ಲಿ ಡಾಕ್ಟರ ಕಣ್ಣಿಗೆ ಬೀಳುತ್ತವೆ.

ಸುಮ್ನೆ ಕಾದರೆ ಗೊತ್ತಾಗದ ಎರಡು ಕಾಯಿಲೆಗಳಿವೆ. ಒಂದು ಅಲ್ಯೂಷಿಯನ್ ಕಾಯಿಲೆ. ಇದು ಪಾರ್ವೊ ವೈರಸ್‌ನಿಂದ ಬರುವಂಥದ್ದು, ಹೊತ್ತು ತಿರುಗುವ ಫೆರೆಟ್ ತಿಂಗಳುಗಟ್ಟಲೆ ಚೆನ್ನಾಗಿಯೇ ಕಾಣಬಹುದು. ಇದಕ್ಕೆ ಪರೀಕ್ಷೆ ಇದೆ, ಭೇಟಿಗೆ ಮೊದಲು ಮಾಡಿಸುವ ಬಗ್ಗೆ ಡಾಕ್ಟರನ್ನು ಕೇಳಿ. ಇನ್ನೊಂದು ಹಸಿರು ಲೋಳೆಯಂಥ ಭೇದಿ ತರುವ ಕೊರೋನಾ ವೈರಸ್ಸಿನ ಕಾಯಿಲೆ, 1993ರಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ಮೊದಲು ಕಂಡದ್ದು. ಚಿಕ್ಕ ವಯಸ್ಸಿನವು ಏನೂ ಆಗದೆ ಇದನ್ನು ಹೊತ್ತು ತರುತ್ತವೆ, ಮನೆಯಲ್ಲಿರುವ ವಯಸ್ಸಾದದ್ದು ಮಲಗುತ್ತದೆ. ಹೊಸ ಮರಿ ಬಂದ ಎರಡು ಮೂರು ದಿನಕ್ಕೆ ಹಳೆಯದಕ್ಕೆ ಹಸಿರು ಭೇದಿ ಶುರುವಾದರೆ 'ಜಾಗ ಬದಲಾದ ಟೆನ್ಷನ್ ಇರಬೇಕು' ಅಂದುಕೊಂಡು ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಫ್ಲೂ ವಿಷಯ ಉಲ್ಟಾ. ನಮ್ಮ ನೆಗಡಿ ಜ್ವರದ ಇನ್‌ಫ್ಲುಯೆಂಜಾ ನಮ್ಮಿಂದಲೇ ಅವಕ್ಕೆ ಹತ್ತುತ್ತದೆ, ಹಾಗಾಗಿ ನಿಮಗೆ ಮೈ ಬಿಸಿ ಇದ್ದರೆ ಪರಿಚಯದ ಕಾರ್ಯಕ್ರಮವನ್ನೇ ಮುಂದಕ್ಕೆ ಹಾಕಿ.

ಇಲ್ಲಿ ಒಂದು ತಪ್ಪನ್ನು ತುಂಬಾ ಜನ ಮಾಡುತ್ತಾರೆ. ಕ್ವಾರಂಟೈನ್ ಶುರುವಾದ ದಿನದಿಂದಲೇ ಹೊದಿಕೆ ಅದಲು ಬದಲು ಮಾಡಿ ವಾಸನೆ ಪರಿಚಯ ಮಾಡಿಸಲು ಹೊರಡುತ್ತಾರೆ. ಯೋಚನೆ ಮಾಡಿ, ಆ ಹೊದಿಕೆಯಲ್ಲಿ ವಾಸನೆ ಜೊತೆಗೆ ರೋಗವೂ ಬರುತ್ತದೆ ಅಲ್ವಾ? ಹಾಗಿದ್ದರೆ ಬೇರೆ ಕೋಣೆ ಮಾಡಿದ್ದಕ್ಕೆ ಅರ್ಥವೇನು? ಡಾಕ್ಟರು ನೋಡಿ ಸರಿ ಅಂದ ಮೇಲೆ ಹೊದಿಕೆ ಅದಲು ಬದಲು ಮಾಡಿ. ಅಲ್ಲಿಯವರೆಗೆ ಹೊಸದು ನಿಮ್ಮನ್ನು ನಂಬಲಿ, ಚೆನ್ನಾಗಿ ತಿನ್ನಲಿ, ಮನೆಯ ಸದ್ದುಗಳಿಗೆ ಒಗ್ಗಿಕೊಳ್ಳಲಿ. ಅದು ಮೊದಲು ತಿನ್ನುತ್ತಿದ್ದ ಆಹಾರವನ್ನೇ ಕೊಡಿ. ಫೆರೆಟ್‌ಗೆ ಚಿಕ್ಕಂದಿನಲ್ಲಿ ಯಾವುದು ಊಟ ಅಂತ ಮನಸ್ಸಿಗೆ ಬಂದಿರುತ್ತದೋ ಅದೇ ಊಟ, ಮನೆ ಮತ್ತು ಆಹಾರ ಎರಡನ್ನೂ ಒಟ್ಟಿಗೆ ಬದಲಿಸಿದರೆ ಬಟ್ಟಲಿನ ಹತ್ತಿರವೂ ಹೋಗದೆ ಇರಬಹುದು.

ನಿಧಾನದ ದಾರಿ

ಫೆರೆಟ್‌ನ ಕಣ್ಣು ಅಷ್ಟಕ್ಕಷ್ಟೆ. ಅದು ಜಗತ್ತನ್ನು ಮೂಗಿನಿಂದ ತಿಳಿಯುತ್ತದೆ. ಈ ದಾರಿ ನಿಂತಿರುವುದೇ ಇದರ ಮೇಲೆ. ಕ್ವಾರಂಟೈನ್ ಮುಗಿದ ಮೇಲೆ ಮೊದಲ ಕೆಲವು ದಿನ ಒಂದರ ಮಲಗುವ ಬಟ್ಟೆಯನ್ನು ಇನ್ನೊಂದಕ್ಕೆ ಕೊಡುವುದು. ಬರೀ ಕೊಟ್ಟರೆ ಸಾಲದು, ಏನು ಮಾಡುತ್ತದೆ ಅಂತ ಕೂತು ನೋಡಿ. ಮೂಸಿ ತನ್ನ ಪಾಡಿಗೆ ಹೋದರೆ ಒಳ್ಳೆಯದು. ಎಳೆದುಕೊಂಡು ಹೋಗಿ ತನ್ನ ಗೂಡಿನಲ್ಲಿ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಬಾಲ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಉಬ್ಬಿ, ಬುಸ್ ಅಂತ ಹಿಂದೆ ಸರಿದರೆ, ಅಥವಾ ಬಟ್ಟೆ ಮೇಲೆಯೇ ಗಲೀಜು ಮಾಡಿದರೆ ಇನ್ನೂ ಕೆಲವು ದಿನ ಅಲ್ಲೇ ಇರಿ.

ಆಮೇಲೆ ಜಾಗ ಬದಲಾವಣೆ. ಒಂದು ಪಂಜರದಲ್ಲಿ ಮಲಗಿರುವಾಗ ಇನ್ನೊಂದು ಅದರ ಆಟದ ಕೋಣೆಯಲ್ಲಿ ಓಡಾಡಲಿ. ಎರಡಕ್ಕೂ ಈ ಮನೆಯಲ್ಲಿ ಇನ್ನೊಬ್ಬರ ವಾಸನೆ ಮಾಮೂಲು ಅನ್ನಿಸುವಷ್ಟು ದಿನ ಹೀಗೆ ಮಾಡಿ. ಇದಾದ ಮೇಲೆ ಪಂಜರಗಳನ್ನು ಒಂದೇ ಕೋಣೆಗೆ ತನ್ನಿ, ಆದರೆ ಅಂಟಿಸಿ ಇಡಬೇಡಿ. ಮಧ್ಯೆ ಒಂದು ಗೇಣಿನಷ್ಟಾದರೂ ಜಾಗ ಇರಲಿ. ಜಾಲರಿಯಿಂದ ಹೊರಗೆ ಬಂದ ಕಾಲ್ಬೆರಳನ್ನು ಆಚೆಯದು ಕಚ್ಚಿ ಹಿಡಿದರೆ ಬಿಡಿಸುವುದು ಬಹಳ ಕಷ್ಟ. ಊಟದ ಬಟ್ಟಲುಗಳನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತನ್ನಿ. ಎದುರು ಬದುರು ಕೂತು ಎರಡೂ ನೆಮ್ಮದಿಯಾಗಿ ತಿನ್ನಲು ಶುರು ಮಾಡಿದರೆ ಮುಖಾಮುಖಿಗೆ ಹೊತ್ತಾಯಿತು ಅಂತ ಅರ್ಥ.

ಯಾರಿಗೆ ಇದು? ವರ್ಷಗಟ್ಟಲೆ ಒಂಟಿಯಾಗಿದ್ದ ಫೆರೆಟ್‌ಗೆ, ಹಿಂದೆ ಬೇರೆ ಫೆರೆಟ್‌ನಿಂದ ಕಚ್ಚಿಸಿಕೊಂಡದ್ದಕ್ಕೆ, ವಯಸ್ಸಾದದ್ದಕ್ಕೆ, ಕಾಯಿಲೆಯದಕ್ಕೆ. ಪುಟ್ಟಿಗೆ ಬೇಕಾಗಿದ್ದದ್ದು ಇದೇ. ನಾನು ತಡವಾಗಿ ತಿಳಿದುಕೊಂಡೆ.

ಇದರ ಕಷ್ಟವನ್ನೂ ಹೇಳಬೇಕು. ಎರಡು ಪಂಜರ, ಎರಡು ಕೋಣೆ, ಎರಡು ಪಟ್ಟು ಕ್ಲೀನಿಂಗ್. ದಿನಕ್ಕೆ ನಾಲ್ಕು ಗಂಟೆ ಹೊರಗೆ ಬಿಡುತ್ತಿದ್ದರೆ ಈಗ ಆ ಸಮಯ ಎರಡು ಭಾಗ ಆಗುತ್ತದೆ, ಹಳೆಯದಕ್ಕೆ 'ಇವನು ಬಂದ ಮೇಲೆ ನನಗೆ ಕಮ್ಮಿ ಆಯಿತು' ಅನ್ನಿಸಬಾರದು, ಹಾಗಾಗಿ ಅದರ ಪಾಲಿನ ಹೊತ್ತನ್ನು ಹೇಗಾದರೂ ಉಳಿಸಿಕೊಳ್ಳಿ. ಕೆಲವು ಫೆರೆಟ್‌ಗಳಿಗೆ ಜಾಲರಿಯೇ ಸಿಟ್ಟು ತರಿಸುತ್ತದೆ, ಅದೂ ನೆನಪಿರಲಿ. ಕಾಣುತ್ತಿದೆ, ಮುಟ್ಟಲು ಆಗುತ್ತಿಲ್ಲ ಅಂತ ದಿನಾ ಜಾಲರಿಗೆ ಹಾರಿ ಹಾರಿ ಕಚ್ಚುತ್ತದೆ. ವಾರ ಕಳೆದರೂ ಅದು ಇಳಿಯದೆ ಏರುತ್ತಲೇ ಇದ್ದರೆ ಪಂಜರ ದೂರ ಮಾಡಿ, ಜಾಲರಿಯ ಹಂತ ಬಿಟ್ಟು, ಹೊಸ ಜಾಗದಲ್ಲಿ ಚಿಕ್ಕ ಚಿಕ್ಕ ಭೇಟಿ ಮಾಡಿಸಿ ನೋಡಿ.

ಯಾರದ್ದೂ ಅಲ್ಲದ ಜಾಗದಲ್ಲಿ ನೇರ ಭೇಟಿ

ಕ್ವಾರಂಟೈನ್ ಮುಗಿದ ಮೇಲೆ, ಹಳೆಯದು ಯಾವತ್ತೂ ಕಾಲಿಡದ ಜಾಗ ಬೇಕು. ಬಚ್ಚಲುಮನೆ, ಮಲಗುವ ಕೋಣೆ, ಗೆಳೆಯರ ಮನೆಯ ಒಂದು ಖಾಲಿ ಕೋಣೆ, ಯಾವುದಾದರೂ ಸರಿ. ಬಚ್ಚಲುಮನೆ ಆದರೆ ಪೈಪಿನ ಸುತ್ತ ಇರುವ ಸಂದಿಗಳನ್ನು ಮೊದಲು ಮುಚ್ಚಿ, ಜಾರುವ ನೆಲಕ್ಕೆ ಟವೆಲ್ ಹಾಸಿ. ತಲೆ ತೂರಿದರೆ ಮೈಯೂ ತೂರುತ್ತದೆ ಅನ್ನುವುದು ಫೆರೆಟ್ ಸಾಕಿದವರಿಗೆಲ್ಲ ಗೊತ್ತು. ಎರಡೂ ತುದಿ ತೆರೆದಿರುವ ಬಟ್ಟೆಯ ಸುರಂಗ, ಎರಡು ಕಡೆ ತೂತು ಮಾಡಿದ ರಟ್ಟಿನ ಡಬ್ಬ, ಮುದುಡಿದ ಕಾಗದದ ರಾಶಿ ಇಡಿ. ಒಂದೇ ಬಾಯಿ ಇರುವ ಗೂಡು ಮಾತ್ರ ಬೇಡ, ಒಳಗೆ ಹೊಕ್ಕ ಹೊಸದು ಸಿಕ್ಕಿಹಾಕಿಕೊಳ್ಳುತ್ತದೆ, ಹಳೆಯದು ಬಾಗಿಲು ಕಾಯುತ್ತಾ ನಿಲ್ಲುತ್ತದೆ.

ಹೊಸದನ್ನು ಹತ್ತು ನಿಮಿಷ ಮೊದಲೇ ಬಿಡಿ. ಜಾಗ ಮೂಸಿ ನೋಡಿ, ಓಡುವ ದಾರಿ ತಿಳಿದುಕೊಳ್ಳಲಿ. ಹಳೆಯದಕ್ಕೆ ಮೊದಲೇ ಚೆನ್ನಾಗಿ ಆಟ ಆಡಿಸಿ, ಹೊಟ್ಟೆ ತುಂಬಿಸಿ ತನ್ನಿ. ದಿನದಲ್ಲಿ 14ರಿಂದ 18 ಗಂಟೆ ನಿದ್ದೆ ಮಾಡುವ ಪ್ರಾಣಿ ಇದು, ಆಗಷ್ಟೇ ಎದ್ದು ಕುಣಿಯುವ ಹೊತ್ತಲ್ಲಿ ತಂದು ಬಿಟ್ಟರೆ ಆ ರಭಸವೆಲ್ಲ ಹೊಸದರ ಮೇಲೆ ಬೀಳುತ್ತದೆ. ಸಾಧ್ಯ ಆದರೆ ಇಬ್ಬರು ಇರಿ, ಒಬ್ಬೊಬ್ಬರು ಒಂದೊಂದನ್ನು ನೋಡಿಕೊಳ್ಳಲು. ಹತ್ತು ಹದಿನೈದು ನಿಮಿಷ ಸಾಕು. ಚೆನ್ನಾಗಿ ಹೋಗುತ್ತಿರುವಾಗಲೇ ನಿಲ್ಲಿಸಿ. 'ಇನ್ನೂ ಸ್ವಲ್ಪ ಹೊತ್ತು' ಅಂತ ಎಳೆದಾಗಲೇ ಕೆಡುವುದು.

ವಯಸ್ಸು ಒಂದೆರಡು ವರ್ಷದ, ಆಟಕ್ಕೆ ಯಾರಾದರೂ ಸಿಕ್ಕರೆ ಸಾಕು ಅನ್ನುವ ಫೆರೆಟ್‌ಗೆ ಈ ದಾರಿ ಸರಿ. ಮೊದಲು ಗುಂಪಿನಲ್ಲಿ ಬದುಕಿದ್ದಕ್ಕೂ ಸರಿ. ಇಂಥವಕ್ಕೆ ವಾರಗಟ್ಟಲೆ ಜಾಲರಿ ಹಾಕಿಟ್ಟು ಕಾಯಿಸಬೇಕಾಗಿಲ್ಲ, ಕೆಲವು ಭೇಟಿಯಲ್ಲೇ ಒಂದರ ಮೇಲೊಂದು ಬಿದ್ದು ಮಲಗಿಬಿಡುತ್ತವೆ.

ಒಂದು ವಿಷಯ ಮಾತ್ರ ಹಲವರಿಗೆ ಹೊಳೆಯುವುದಿಲ್ಲ. ಬಚ್ಚಲುಮನೆಯಲ್ಲಿ ಸ್ನೇಹ ಆಯಿತು ಅಂದರೆ ಹಳೆಯದರ ಕೋಣೆಯಲ್ಲೂ ಆಯಿತು ಅಂತಲ್ಲ. ಅದರ ಜಾಗಕ್ಕೆ ಹೊಸದು ಮೊದಲ ಸಲ ಕಾಲಿಡುವ ದಿನ ಮತ್ತೆ ಮೊದಲಿನಿಂದ ಪರಿಚಯ ಅಂತಲೇ ತಿಳಿಯಿರಿ. ಮತ್ತೆ ಹತ್ತು ನಿಮಿಷ, ಮತ್ತೆ ಕಾವಲು.

ನೇರ ಒಂದೇ ಪಂಜರಕ್ಕೆ

ಇದನ್ನು ನಾನು ಬೇಡ ಅನ್ನುತ್ತೇನೆ. ಐದಾರು ಫೆರೆಟ್ ಇರುವ ಮನೆಯವರು 'ನಾವು ಹೀಗೇ ಮಾಡುವುದು, ಏನೂ ಆಗಿಲ್ಲ' ಅಂತ ಹೇಳುವುದನ್ನು ಕೇಳಿದ್ದೇನೆ. ಅವರ ಮನೆಯಲ್ಲಿ ಆಗಿರದೆ ಇರಬಹುದು. ಅಲ್ಲಿನವು ಬಂದು ಹೋಗುವ ಮುಖಗಳಿಗೆ ಒಗ್ಗಿರುತ್ತವೆ. ಆದರೆ ಪಂಜರ ಅಂದರೆ ಮಲಗುವ ಜಾಗ, ಅಲ್ಲಿಂದ ಓಡಲು ದಾರಿ ಇಲ್ಲ. ಹೆಣ್ಣಿಗಿಂತ ಗಂಡು ಎರಡು ಪಟ್ಟು ತೂಕ ಇರುವುದು ಸಾಮಾನ್ಯ. ಆ ತೂಕದ್ದು ಮೂಲೆಯಲ್ಲಿ ಒತ್ತಿ ಹಿಡಿದರೆ ಚಿಕ್ಕದು ಎಲ್ಲಿ ಹೋಗಬೇಕು? ಅದೂ ರಾತ್ರಿ, ನೀವು ಮಲಗಿದ ಮೇಲೆ? ಒಂದೇ ತಾಯಿಯ ಮರಿಗಳೋ ಹಳೆಯ ಜೊತೆಗಾರರೋ ನಾಲ್ಕು ದಿನ ದೂರ ಇದ್ದು ಮತ್ತೆ ಸೇರುವಾಗ ಮಾತ್ರ ಇದನ್ನು ಯೋಚಿಸಬಹುದು, ಅದೂ ಎದುರಲ್ಲೇ ಕೂತು.

ಉಪಾಯಗಳು: ಸ್ನಾನ, ಎಣ್ಣೆ, ಕಹಿ

ಇವನ್ನು ದಾರಿ ಅಂದುಕೊಳ್ಳಬೇಡಿ, ದಾರಿಯಲ್ಲಿ ಹಿಡಿದುಕೊಳ್ಳುವ ಕೋಲು ಅಷ್ಟೆ.

ಎರಡಕ್ಕೂ ಒಂದೇ ಶಾಂಪೂ ಹಾಕಿ ಒಟ್ಟಿಗೆ ಸ್ನಾನ ಮಾಡಿಸಿದರೆ ಎರಡರ ಮೈಯೂ ಒಂದೇ ವಾಸನೆ ಬರುತ್ತದೆ, ಮೈ ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ಜಗಳ ಮರೆಯುತ್ತವೆ. ಒಂದು ಸಲಕ್ಕೆ ಒಳ್ಳೆಯ ಉಪಾಯ. ಆದರೆ ಪದೇ ಪದೇ ಮಾಡಿದರೆ ಚರ್ಮ ಒಣಗಿ ತುರಿಕೆ ಬರುತ್ತದೆ, ಮೈ ಇನ್ನೂ ಜಾಸ್ತಿ ಎಣ್ಣೆ ಬಿಟ್ಟು ವಾಸನೆ ಹೆಚ್ಚುತ್ತದೆ. ನೀರು ಕಂಡರೆ ನಡುಗುವ ಫೆರೆಟ್‌ಗೆ ಬೇಡವೇ ಬೇಡ, ಹೊಸ ಗೆಳೆಯನ ಮುಖ ಕಂಡಾಗಲೆಲ್ಲ ಆ ನೀರು ನೆನಪಾಗುತ್ತದೆ.

ಸಾಲ್ಮನ್ ಎಣ್ಣೆ ನನಗೆ ಇವುಗಳಲ್ಲಿ ಹೆಚ್ಚು ಇಷ್ಟ. ಮೊದಲು ಒಂದೇ ಚಮಚದಿಂದ ಎರಡೂ ನೆಕ್ಕಲಿ, ಪಕ್ಕ ಪಕ್ಕ ನಿಂತು. ಅದು ಸಲೀಸಾದ ಮೇಲೆ ಒಂದೊಂದು ಹನಿ ಭುಜದ ಹತ್ತಿರ ಸವರಿ, ಒಂದನ್ನೊಂದು ನೆಕ್ಕುತ್ತವೆ. ಶುರುವಿನಲ್ಲೇ ಕುತ್ತಿಗೆಗೆ ಸವರಬೇಡಿ, ನೆಕ್ಕುತ್ತಾ ನೆಕ್ಕುತ್ತಾ ಕಚ್ಚಲು ಶುರು ಮಾಡುವವೂ ಇವೆ. ಕೆಲವು ಹನಿಗಿಂತ ಜಾಸ್ತಿ ಕೊಟ್ಟರೆ ಹೊಟ್ಟೆ ಸಡಿಲ ಆಗುತ್ತದೆ. ಸಕ್ಕರೆ ಇರುವ ಮಾಲ್ಟ್ ಪೇಸ್ಟ್ ಬೇಡ, ಫೆರೆಟ್ ಪೂರ್ತಿ ಮಾಂಸಾಹಾರಿ, ಸಕ್ಕರೆ ಅದಕ್ಕೆ ಆಗುವುದಿಲ್ಲ. ಇನ್ನು ಕಚ್ಚುವುದನ್ನು ತಪ್ಪಿಸಲು ಹೆಡತಲೆಗೆ ಹಾಕುವ ಕಹಿ ಸ್ಪ್ರೇ. ಕೆಲವಕ್ಕೆ ಕೆಲಸ ಮಾಡುತ್ತದೆ, ಕೆಲವು ಆ ಕಹಿಯನ್ನೂ ಲೆಕ್ಕಿಸುವುದಿಲ್ಲ. ಹಾಕುವುದಾದರೆ ನಿಮ್ಮ ಬೆರಳಿಗೆ ಹಾಕಿಕೊಂಡು ಸವರಿ, ಕಣ್ಣಿಗೆ ಹಾರಬಾರದು.

ಜಗಳವೋ ಆಟವೋ

ದಾರಿ ಯಾವುದೇ ಇರಲಿ, ಇದನ್ನು ಓದಲು ಬರದಿದ್ದರೆ ಎರಡು ತಪ್ಪು ಆಗುತ್ತದೆ. ಒಂದೋ ಸಣ್ಣ ಸದ್ದಿಗೂ ಬಿಡಿಸಿ ಬಿಡಿಸಿ ಅವು ಒಂದು ತೀರ್ಮಾನಕ್ಕೆ ಬರಲು ಬಿಡುವುದೇ ಇಲ್ಲ, ಇಲ್ಲವೇ ನಿಜವಾದ ದಾಳಿಯನ್ನು ಆಟ ಅಂದುಕೊಂಡು ನೋಡುತ್ತಾ ಕೂರುತ್ತೇವೆ.

ಫೆರೆಟ್‌ಗಳ ಆಟವೇ ಒರಟು. ಹೆಡತಲೆಯ ಚರ್ಮ ದಪ್ಪ, ಅಲ್ಲಿ ಕಚ್ಚಿ ಹಿಡಿದು ಎಳೆದಾಡುವುದು, ಅಂಗಾತ ಕೆಡವುವುದು, ಅಟ್ಟಿಸಿಕೊಂಡು ಹೋಗುವುದು, ಬುಸುಗುಡುವುದು, ಇವೆಲ್ಲ 'ಇಲ್ಲಿ ಯಾರು ದೊಡ್ಡವರು' ಅಂತ ತೀರ್ಮಾನ ಮಾಡಿಕೊಳ್ಳುವ ರೀತಿ. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಬಾಯಿ ತೆರೆದು, ಅಡ್ಡಡ್ಡ ಜಿಗಿಯುತ್ತಾ 'ಡೂಕ್ ಡೂಕ್' ಅಂತ ಸದ್ದು ಮಾಡುತ್ತಿದ್ದರೆ ಅದು ಖುಷಿ. ಉಬ್ಬಿದ ಬಾಲ ಮಾತ್ರ ಎರಡು ಅರ್ಥ ಕೊಡುತ್ತದೆ, ಖುಷಿಗೂ ಉಬ್ಬುತ್ತದೆ, ಹೆದರಿಕೆಗೂ ಉಬ್ಬುತ್ತದೆ. ಬಾಲ ಬಿಟ್ಟು ಮೈ ನೋಡಿ.

ಫೆರೆಟ್ ಸಾಕುವವರಲ್ಲಿ ಒಂದು ಹಳೆಯ ಲೆಕ್ಕ ಇದೆ. ರಕ್ತ ಬಂದಿಲ್ಲ, ಹೆದರಿಕೆಗೆ ಮಲ ಮೂತ್ರ ಹೋಗಿಲ್ಲ ಅಂದರೆ ಮಧ್ಯೆ ಹೋಗಬೇಡಿ ಅಂತ. ಲೆಕ್ಕ ಒಳ್ಳೆಯದೇ, ಆದರೆ ನನಗೆ ಅಷ್ಟು ಸಾಲದು. ಹೆಡತಲೆ ಹಿಡಿದು ತಲೆಯನ್ನು ಆ ಕಡೆ ಈ ಕಡೆ ಜೋರಾಗಿ ಜಾಡಿಸುವುದು ಬೇಟೆ ಕೊಲ್ಲುವ ರೀತಿ, ರಕ್ತ ಬರಲಿ ಬಿಡಲಿ ತಕ್ಷಣ ಬಿಡಿಸಿ. ಒಂದೆರಡು ಸಲ ಕಿರುಚಿದರೆ ಪರವಾಗಿಲ್ಲ, ನಿಲ್ಲದೆ ಕಿರುಚುತ್ತಿದ್ದರೆ ಬಿಡಿಸಿ. ಅಡಗಿ ಕೂತದ್ದನ್ನು ಹುಡುಕಿಕೊಂಡು ಹೋಗಿ ಹೊರಗೆ ಎಳೆದು ಹೊಡೆಯುತ್ತಿದ್ದರೆ ಅವತ್ತಿಗೆ ಭೇಟಿ ಮುಗಿಯಿತು. ಹೆದರಿದ್ದು ಗ್ರಂಥಿಯಿಂದ ಗಬ್ಬು ವಾಸನೆ ಬಿಡುತ್ತದೆ, ಒಂದು ಸಲ ಬಿಟ್ಟರೆ ಗಾಬರಿ ಬೇಡ, ಪ್ರತಿ ಭೇಟಿಯಲ್ಲೂ ಬಿಡುತ್ತಿದ್ದರೆ ನೀವು ತುಂಬಾ ಬೇಗ ಮುಂದೆ ಹೋಗುತ್ತಿದ್ದೀರಿ.

ಅನುಮಾನ ಬಂದಾಗ ನಾನು ಮಾಡುವುದು ಇಷ್ಟೆ. ಕೆಳಗೆ ಬಿದ್ದದ್ದನ್ನು ಎತ್ತಿ ಒಂದು ಮಾರು ದೂರ ಇಡುತ್ತೇನೆ. ಅದಾಗಿಯೇ ಮತ್ತೆ ಆಚೆಯದರ ಹತ್ತಿರ ಹೋದರೆ ಆಟ. ನನ್ನ ಕಾಲು ಹತ್ತಲು ನೋಡಿದರೆ, ಮೂಲೆ ಹುಡುಕಿದರೆ, ಅದು ಆಟವಲ್ಲ. ಪಾತ್ರ ಬದಲಾಗುತ್ತದಾ ಅಂತಲೂ ನೋಡಿ. ಈಗ ಇದು ಮೇಲೆ, ಆಮೇಲೆ ಅದು ಮೇಲೆ, ಹೀಗಿದ್ದರೆ ನೆಮ್ಮದಿ.

ಬಿಡಿಸುವಾಗ ಬರಿಗೈ ಮಧ್ಯೆ ಹಾಕಬೇಡಿ, ಮಡಚಿದ ಟವೆಲ್ ಅಥವಾ ದಿಂಬು ತೂರಿಸಿ. ಕಚ್ಚಿ ಹಿಡಿದದ್ದನ್ನು ಹಿಂದಕ್ಕೆ ಜಗ್ಗಬೇಡಿ, ಹಿಡಿಸಿಕೊಂಡದ್ದರ ಚರ್ಮ ಹರಿಯುತ್ತದೆ. ಕಚ್ಚಿದ್ದರ ಹೆಡತಲೆಯ ಸಡಿಲ ಚರ್ಮ ಹಿಡಿದು, ಮೈಗೆ ಆಸರೆ ಕೊಟ್ಟರೆ ಸಾಮಾನ್ಯವಾಗಿ ಮೈ ಸಡಿಲ ಬಿಟ್ಟು ಬಾಯಿ ತೆರೆಯುತ್ತದೆ. ಬೈಯಬೇಡಿ, ಹೊಡೆಯಬೇಡಿ, ಸುಮ್ನೆ ತೆಗೆದುಕೊಂಡು ಹೋಗಿ ಅದರ ಜಾಗದಲ್ಲಿ ಬಿಡಿ.

ತಲೆ ಪೂರ್ತಿ ಬಿಳಿ ಇರುವ, ಅಥವಾ ಹಣೆಯಿಂದ ಹಿಂದಕ್ಕೆ ಬಿಳಿ ಪಟ್ಟೆ ಇರುವ ಫೆರೆಟ್ ತಂದಿದ್ದರೆ ಒಂದು ಮಾತು. ಇಂಥ ಬಣ್ಣದವುಗಳಲ್ಲಿ ಹುಟ್ಟು ಕಿವುಡು ಹೆಚ್ಚು. ಆಚೆಯದು ಬುಸುಗುಟ್ಟಿ ಸಾಕು ಅಂದರೂ, ನೋವಾಗಿ ಕಿರುಚಿದರೂ ಅದಕ್ಕೆ ಕೇಳಿಸುವುದಿಲ್ಲ, ಹಾಗಾಗಿ ಬಿಡುವುದಿಲ್ಲ. ಅದು ಕೆಟ್ಟದ್ದಲ್ಲ, ಗೊತ್ತಾಗುವುದಿಲ್ಲ ಅಷ್ಟೆ. ಮಲಗಿದಾಗ ಹಿಂದಿನಿಂದ ಬಂದು ಮುಟ್ಟಿದರೆ ಬೆಚ್ಚಿ ಕಚ್ಚುವುದೂ ಇದೆ. ಎರಡರಲ್ಲಿ ಒಂದು ಕಿವುಡಾದರೂ ನಿಧಾನದ ದಾರಿಯನ್ನೇ ಹಿಡಿಯಿರಿ, ಮಧ್ಯೆ ಹೋಗುವುದನ್ನು ಸ್ವಲ್ಪ ಬೇಗ ಮಾಡಿ.

ಹಳೆಯದು ಇದ್ದಕ್ಕಿದ್ದಂತೆ ಕೆಟ್ಟದಾದರೆ

ಇದಕ್ಕೆ ಬೇರೆಯೇ ಜಾಗ ಕೊಡುತ್ತಿದ್ದೇನೆ, ಯಾಕೆಂದರೆ ಸ್ವಭಾವ ಅಂತ ನಾವು ಬೈಯುವುದು ಎಷ್ಟೋ ಸಲ ಕಾಯಿಲೆ ಆಗಿರುತ್ತದೆ. ಸಂತಾನಹರಣ ಆಪರೇಷನ್ ಆದ ಫೆರೆಟ್‌ಗಳಲ್ಲಿ ಮಧ್ಯವಯಸ್ಸಿನ ಹೊತ್ತಿಗೆ ಅಡ್ರಿನಲ್ ಗ್ರಂಥಿಯ (ಮೂತ್ರಪಿಂಡದ ಹತ್ತಿರ ಇರುವ, ಹಾರ್ಮೋನು ಬಿಡುವ ಗ್ರಂಥಿ) ಕಾಯಿಲೆ ಸಾಮಾನ್ಯ. ಬಾಲದ ಬುಡದಿಂದ ಕೂದಲು ಉದುರುತ್ತಾ ಬರುತ್ತದೆ, ಹಾರ್ಮೋನು ಏರಿ, ಆಪರೇಷನ್ ಆದದ್ದೂ ಬೆದೆಗೆ ಬಂದಂತೆ ವರ್ತಿಸುತ್ತದೆ, ಹೆಡತಲೆ ಹಿಡಿದು ಮೇಲೆ ಹತ್ತುತ್ತದೆ. ಇಂಥದ್ದಕ್ಕೆ ಯಾವ ದಾರಿಯೂ ಕೆಲಸ ಮಾಡುವುದಿಲ್ಲ. ಮೊದಲು ಚಿಕಿತ್ಸೆ. ಡೆಸ್ಲೊರೆಲಿನ್ ಅನ್ನುವ ಇಂಪ್ಲಾಂಟ್ ಚರ್ಮದ ಕೆಳಗೆ ಹಾಕುತ್ತಾರೆ, ಹಾರ್ಮೋನು ಇಳಿದ ಮೇಲೆ ಪರಿಚಯ.

ಇನ್ಸುಲಿನೋಮಾ (ಇನ್ಸುಲಿನ್ ಅತಿಯಾಗಿ ಬಿಡುವ, ಮೇದೋಜೀರಕ ಗ್ರಂಥಿಯ ಗೆಡ್ಡೆ) ಇರುವ ಫೆರೆಟ್‌ಗೆ ಇನ್ನೊಂದು ಥರದ ಅಪಾಯ. ಟೆನ್ಷನ್‌ನಲ್ಲಿ ಒಂದು ಹೊತ್ತು ತಿನ್ನದೆ ಬಿಟ್ಟರೆ ರಕ್ತದ ಸಕ್ಕರೆ ಇಳಿದು, ಕಣ್ಣು ಗಾಜಿನಂತಾಗಿ, ಜೊಲ್ಲು ಸುರಿದು, ಹಿಂಗಾಲು ಎಳೆಯಲು ಶುರು ಮಾಡುತ್ತದೆ. ಇಂಥ ಮನೆಗೆ ಕುಣಿದಾಡುವ ಮರಿ ತರುವುದು ನನ್ನ ಪ್ರಕಾರ ತಪ್ಪು. ತರಲೇಬೇಕಾದರೆ ನಿದ್ದೆಯೇ ಜಾಸ್ತಿ ಆಗಿರುವ, ನಡು ವಯಸ್ಸು ದಾಟಿದ ಸಾಧು ಫೆರೆಟ್ ತನ್ನಿ, ನಿಧಾನದ ದಾರಿಯನ್ನೂ ಇನ್ನಷ್ಟು ನಿಧಾನ ಮಾಡಿ.

ಆರೋಗ್ಯವಾಗಿರುವವೂ ಈ ವಾರಗಳಲ್ಲಿ ಹೊಟ್ಟೆ ಕೆಡಿಸಿಕೊಳ್ಳುತ್ತವೆ. ಹೆಲಿಕೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಎಲ್ಲ ಫೆರೆಟ್‌ಗಳ ಹೊಟ್ಟೆಯಲ್ಲೂ ಇರುತ್ತದೆ, ಒತ್ತಡ ಜಾಸ್ತಿ ಆದರೆ ಹುಣ್ಣು ಮಾಡುತ್ತದೆ. ಹಲ್ಲು ಕಡಿಯುವುದು, ಟಾರಿನಂಥ ಕಪ್ಪು ಮಲ, ಊಟ ಬೇಡ ಅನ್ನುವುದು ಅದರ ಗುರುತು. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬರುವ ಪ್ರಾಣಿಗೆ ಒಂದು ದಿನದ ಉಪವಾಸ ತುಂಬಾ ದೊಡ್ಡದು, ನಾಳೆ ನೋಡೋಣ ಅನ್ನಬೇಡಿ. ಎರಡನ್ನೂ ವಾರಕ್ಕೆ ಎರಡು ಸಲ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಮಾಡಿ ಬರೆದಿಡಿ. ಬಟ್ಟಲು ಖಾಲಿ ಆಗುವುದನ್ನು ನೋಡಿದರೆ ಯಾರು ತಿಂದರು ಅಂತ ಗೊತ್ತಾಗುವುದಿಲ್ಲ, ತಕ್ಕಡಿ ಹೇಳುತ್ತದೆ.

ಇನ್ನೂ ದತ್ತು ತಗೊಂಡಿಲ್ಲ ಅಂದರೆ

ಆಗ ನಿಮ್ಮ ಕೈಯಲ್ಲಿ ಇನ್ನೂ ದೊಡ್ಡ ಆಯ್ಕೆ ಇದೆ. ಆಪರೇಷನ್ ಆಗಿದ್ದರೆ ಗಂಡು ಗಂಡು, ಹೆಣ್ಣು ಹೆಣ್ಣು, ಗಂಡು ಹೆಣ್ಣು, ಯಾವ ಜೋಡಿಯಾದರೂ ಆಗಬಹುದು, ಲಿಂಗಕ್ಕಿಂತ ಸ್ವಭಾವ ಮುಖ್ಯ. ಆಪರೇಷನ್ ಆಗದ ಎರಡು ಗಂಡು ಬೆದೆಯ ಕಾಲದಲ್ಲಿ ಪ್ರಾಣ ಹೋಗುವಷ್ಟು ಕಾದಾಡಬಹುದು. ಆಪರೇಷನ್ ಮಾಡಿಸಿದರೂ ಹಾರ್ಮೋನು ಇಳಿಯಲು ಕೆಲವು ವಾರ ಬೇಕು, ಮಾರನೇ ದಿನವೇ ಬಿಡಬೇಡಿ. ಆಪರೇಷನ್ ಆಗದ ಹೆಣ್ಣಿನ ವಿಷಯ ಇನ್ನೂ ತುರ್ತು. ಗಂಡು ಸಿಗದಿದ್ದರೆ ಅದರ ಬೆದೆ ತಾನಾಗಿ ಇಳಿಯುವುದಿಲ್ಲ, ಈಸ್ಟ್ರೋಜನ್ ಏರಿ ಏರಿ ಮೂಳೆಯೊಳಗಿನ ಮಜ್ಜೆ ಕೆಟ್ಟು ರಕ್ತಹೀನತೆಯಿಂದ ಸಾಯಬಹುದು. ಪರಿಚಯ ಆಮೇಲೆ, ಮೊದಲು ಡಾಕ್ಟರು.

ಮರಿ ತರುವುದಾ, ಬೆಳೆದದ್ದಾ? ಮರಿಯನ್ನು ಕೆಲವು ಹಳೆಯ ಫೆರೆಟ್‌ಗಳು ಬೇಗ ಒಪ್ಪುತ್ತವೆ, ಆದರೆ ಅದು ಇಡೀ ದಿನ ಬಾಲ ಜಗ್ಗುತ್ತದೆ, ಅದರ ಮೈ ಚಿಕ್ಕದು, ಪೆಟ್ಟಾದರೆ ಜೋರಾಗಿಯೇ ಆಗುತ್ತದೆ. ನಿಮ್ಮದು ಎರಡು ವರ್ಷದೊಳಗಿನದಾದರೆ ಮರಿ ಸರಿಹೋಗಬಹುದು. ನಾಲ್ಕೈದು ದಾಟಿದ್ದರೆ ತನ್ನ ವಯಸ್ಸಿಗೆ ಹತ್ತಿರದ್ದೇ ಜೊತೆ ಆಗಲಿ. ಜೊತೆಗಾರನನ್ನು ಕಳೆದುಕೊಂಡು ಮಂಕಾಗಿ ಕೂತ ಫೆರೆಟ್‌ಗಾಗಿ ಹೊಸದನ್ನು ತರುತ್ತಿದ್ದರೆ ನಿಮ್ಮ ಅವಸರ ನನಗೆ ಅರ್ಥ ಆಗುತ್ತದೆ, ಅದು ತಿನ್ನದೆ ಮಲಗಿದ್ದನ್ನು ನೋಡಲು ಆಗುವುದಿಲ್ಲ. ಇಂಥವು ಜೊತೆಗೆ ಬದುಕಿ ಅಭ್ಯಾಸ ಇರುವುದರಿಂದ ಹೊಸಬರನ್ನು ಬೇಗ ಸೇರಿಸಿಕೊಳ್ಳುವುದು ಹೆಚ್ಚು. ಆದರೂ ಆ ಎರಡು ವಾರ ಮಾತ್ರ ಬಿಡಬೇಡಿ. ಹಿಂದಿನದು ಯಾವ ಕಾಯಿಲೆಯಲ್ಲಿ ಹೋಯಿತು ಅನ್ನುವುದನ್ನೂ ಡಾಕ್ಟರಿಗೆ ಹೇಳಿ, ಈಗ ಬರುವುದಕ್ಕೆ ಅದು ಹತ್ತಬಾರದು.

ಒಂದೇ ಪಂಜರ ಯಾವಾಗ

ಆಟದ ಹೊತ್ತಲ್ಲಿ ಎರಡೂ ತಾವಾಗಿಯೇ ಒಂದೇ ಜೋಲಿಗೆ ಹತ್ತಿ ಮಲಗಿದ್ದನ್ನು ಕೆಲವು ಸಲ ನೀವೇ ನೋಡಿದ ಮೇಲೆ. ಅದಕ್ಕೆ ಮೊದಲು ಬೇಡ. ಆ ದಿನ ಪಂಜರ ಪೂರ್ತಿ ತೊಳೆದು, ಬಟ್ಟೆಗಳನ್ನೆಲ್ಲ ಒಗೆದು, ಜೋಲಿ ಮೆಟ್ಟಿಲು ಟ್ರೇ ಎಲ್ಲದರ ಜಾಗ ಬದಲಾಯಿಸಿ, ಹಳೆಯದಕ್ಕೂ ಅದು ಹೊಸ ಮನೆಯ ಹಾಗೆ ಕಾಣಲಿ. ಎರಡು ಫೆರೆಟ್‌ಗೆ ಮೂರು ಬಟ್ಟಲು, ಮೂರು ಜೋಲಿ ಇಡಿ, ಮಲಗಲು ತಿನ್ನಲು ಯಾರೂ ಯಾರನ್ನೂ ಕೇಳಬೇಕಾಗಿ ಬರಬಾರದು. ಮೊದಲ ಕೆಲವು ಸಲ ನೀವು ಎದ್ದಿರುವ ಹಗಲು ಹೊತ್ತಿನಲ್ಲೇ ಸೇರಿಸಿ. ಪುಟ್ಟಿ ಗುಂಡ ಸೇರಿದ್ದು ಮೂರನೇ ತಿಂಗಳ ಕೊನೆಗೆ. ಕೆಲವರ ಮನೆಯಲ್ಲಿ ವಾರದೊಳಗೆ ಆಗುತ್ತದೆ, ಕೆಲವರಿಗೆ ಆರು ತಿಂಗಳು ಹಿಡಿದಿದೆ.

ಆಗದೇ ಹೋಗುವುದೂ ಉಂಟು. ಫೆರೆಟ್‌ನ ಮೂಲ ಆಗಿರುವ ಪೋಲ್‌ಕ್ಯಾಟ್ ಕಾಡಿನಲ್ಲಿ ಒಂಟಿಯಾಗಿ ಬದುಕುವ ಪ್ರಾಣಿ, ಸಾಕಿದ ಫೆರೆಟ್‌ಗಳಲ್ಲೂ ಕೆಲವು ಒಂಟಿತನವನ್ನೇ ಬಯಸುತ್ತವೆ. ತಿಂಗಳುಗಳು ಕಳೆದು, ಕಾಯಿಲೆ ಏನೂ ಇಲ್ಲ ಅಂತ ಡಾಕ್ಟರು ಹೇಳಿ, ಆಮೇಲೂ ಪ್ರತಿ ಭೇಟಿಯಲ್ಲಿ ಒಂದು ಹೆದರಿ ನಡುಗುತ್ತಿದ್ದರೆ ಅವನ್ನು ಬೇರೆ ಬೇರೆ ಪಂಜರದಲ್ಲಿ, ಬೇರೆ ಬೇರೆ ಹೊತ್ತಿನ ಆಟದಲ್ಲಿ ಸಾಕಿ, ಅದಕ್ಕೆ ನಿಮ್ಮ ದಿನದಲ್ಲಿ ಸಮಯ ಇದ್ದರೆ. ಇಲ್ಲದಿದ್ದರೆ? ಈ ಪ್ರಶ್ನೆಯನ್ನು ಆರು ತಿಂಗಳ ನಂತರ ಕೇಳಿಕೊಳ್ಳಬೇಡಿ. ದತ್ತು ಕಾಗದಕ್ಕೆ ಸಹಿ ಹಾಕುವ ಮೊದಲೇ, ಹೊಂದಿಕೊಳ್ಳದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಕೊಡುವವರನ್ನು ಕೇಳಿ, ಅವರು ಹೇಳಿದ್ದನ್ನು ಆ ಕಾಗದದಲ್ಲೇ ಬರೆಸಿಕೊಳ್ಳಿ.